ಅವಧಿಗೆ ಮುನ್ನ ಹುಟ್ಟಿದ ಮಗಳ ಕಣ್ಣಿಗೆ ದೊರೆತ ಚಿಕಿತ್ಸೆ: ನಮ್ಮ ಅನುಭವ

28ನೇ ವಾರಕ್ಕೇ 1050 ಗ್ರಾಂ ತೂಕದಲ್ಲಿ ಹುಟ್ಟಿದ ನಮ್ಮ ಮಗಳಿಗೆ ಆರ್‌ಒಪಿ, ಅಂದರೆ ಅವಧಿಪೂರ್ವ ಶಿಶುಗಳನ್ನು ಕಾಡುವ, ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರವಾದ ರೆಟಿನಾದ ಕಾಯಿಲೆ, ಕಾಣಿಸಿಕೊಂಡಾಗ ಆಸ್ಪತ್ರೆಯ ಕಣ್ಣಿನ ವಿಭಾಗ ನೀಡಿದ ಸೇವೆಯ ಕುರಿತು ಬರೆಯುತ್ತಿದ್ದೇನೆ.

ನಾಲ್ಕನೇ ವಾರ ತುಂಬುತ್ತಲೇ ರೆಟಿನಾ ತಜ್ಞೆಯೇ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಬಂದು, ಪಾಪೆ ಹಿಗ್ಗಿಸುವ ಹನಿ ಹಾಕಿಸಿ, ಕಣ್ಣು ಪರೀಕ್ಷಿಸಿದರು. ರೆಪ್ಪೆಗಳನ್ನು ಅಗಲಿಸಿ ಹಿಡಿದ ಆ ಕೆಲವು ನಿಮಿಷಗಳ ಅಳುವನ್ನು ಸಹಿಸುವುದು ಕಷ್ಟವಾಗಿತ್ತು. ಆದರೆ ದಾದಿ ಮಗುವನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ತುಟಿಗೆ ಸಕ್ಕರೆ ದ್ರಾವಣ ತಾಕಿಸುತ್ತ, ಉಸಿರಾಟದ ಏರಿಳಿತವನ್ನು ಗಮನಿಸುತ್ತಲೇ ಇದ್ದರು. ಗರ್ಭದ ಸುಮಾರು 16ನೇ ವಾರದಲ್ಲಿ ಕಣ್ಣಿನ ನರದ ಬುಡದಿಂದ ಹೊರಡುವ ರಕ್ತನಾಳಗಳು ರೆಟಿನಾದ ಅಂಚನ್ನು ಪೂರ್ತಿ ತಲುಪುವುದು ಹೆಚ್ಚುಕಡಿಮೆ 40ನೇ ವಾರಕ್ಕೆಂದೂ, ನಡುವೆಯೇ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ತಡೆದು, ಆಮೇಲೆ ಅಂಕೆಮೀರಿ ಹಬ್ಬುವ ದುರ್ಬಲ ನಾಳಗಳು ರೆಟಿನಾವನ್ನೇ ಎಳೆದು ಕಳಚಬಲ್ಲವೆಂದೂ ತಜ್ಞೆ ಚಿತ್ರ ತೋರಿಸಿ ವಿವರಿಸಿದರು.

ಮೂರು ವಾರಗಳ ಬಳಿಕ ಕಾಯಿಲೆ ಮೂರನೇ ಹಂತಕ್ಕೇರಿ, ನಾಳಗಳು ಉಬ್ಬಿ ಅಂಕುಡೊಂಕಾಗಿದ್ದವು. ಇಂಥ ಸ್ಥಿತಿಯಲ್ಲಿ 72 ಗಂಟೆಗಳೊಳಗೆ ಚಿಕಿತ್ಸೆಯಾಗಬೇಕು. ಇಲ್ಲಿ ಮರುದಿನವೇ ಲೇಸರ್ ಆಯಿತು. ಕಣ್ಣಿನೊಳಗೆ ಕೊಡುವ ಚುಚ್ಚುಮದ್ದೂ ಇದೆಯೆಂದು ಅವರು ಮುಚ್ಚಿಡಲಿಲ್ಲ. ಅದರಿಂದ ನಾಳಗಳು ಬೇಗ ಕುಗ್ಗಿದರೂ ಕಾಯಿಲೆ ತಿಂಗಳುಗಳ ನಂತರ ಮರುಕಳಿಸಬಹುದಾದ್ದರಿಂದ ದೀರ್ಘಕಾಲ ಕಾಯ್ದು ನೋಡಬೇಕು, ಲೇಸರ್‌ನಲ್ಲಾದರೋ ನಾಳಗಳಿನ್ನೂ ತಲುಪದ ಅಂಚಿನ ಭಾಗವನ್ನು ಸುಟ್ಟುಬಿಡುವುದರಿಂದ ಅಷ್ಟು ಭಾಗ ಶಾಶ್ವತವಾಗಿ ಹೋಗುತ್ತದೆ ಎಂದು ಎರಡರ ಇತಿಮಿತಿಗಳನ್ನೂ ಹೇಳಿ, ನಮ್ಮ ಪ್ರಶ್ನೆಗಳು ಮುಗಿಯುವವರೆಗೂ ಕುಳಿತಿದ್ದರು. ಆ ತಾಳ್ಮೆಗೆ ನಾನು ಋಣಿ.

ಒಂದು ಲೋಪವನ್ನು ಮಾತ್ರ ಹೇಳಲೇಬೇಕು. ಮನೆಗೆ ಕಳುಹಿಸುವಾಗ ಕೊಟ್ಟ ಹಾಳೆಯಲ್ಲಿ ಕಣ್ಣಿನ ಮುಂದಿನ ತಪಾಸಣೆಯ ದಿನಾಂಕ ಔಷಧಿಗಳ ಪಟ್ಟಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಡಗಿತ್ತು. ಬಾಯಿಮಾತಿನಲ್ಲೂ ಯಾರೂ ತಿಳಿಸಲಿಲ್ಲ. ವಾರದೊಪ್ಪತ್ತಿನಲ್ಲೇ ಸ್ಥಿತಿ ಬದಲಾಗುವ ಈ ಕಾಯಿಲೆಯಲ್ಲಿ ಆ ದಿನಾಂಕ ಔಷಧಿಯಷ್ಟೇ ಮುಖ್ಯ. ನಾವು ದೂರಿದ ಮೇಲೆ ಪ್ರತ್ಯೇಕ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಈಗ ರೆಟಿನಾ ಸ್ಥಿರವಾಗಿದೆ. ಸಮೀಪದೃಷ್ಟಿ, ಮೆಳ್ಳೆಗಣ್ಣುಗಳ ಸಾಧ್ಯತೆ ಇರುವುದರಿಂದ ತಪಾಸಣೆಗೆ ಅಲ್ಲಿಗೇ ಕರೆದೊಯ್ಯುತ್ತಿದ್ದೇವೆ.