ಮುಂಗಡ ಹಣ ಕೇಳುವ ‘ಸಾಹಿತ್ಯ ಏಜೆಂಟ’ರು: ಬೆಳಗಾವಿಯ ಸಮಾವೇಶವೊಂದರ ಅನುಭವ

ಕಥೆ, ಕಾದಂಬರಿ ಬರೆದಿಟ್ಟುಕೊಂಡು ಪ್ರಕಾಶಕರಿಗಾಗಿ ಹುಡುಕುತ್ತಿರುವ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹೊಸ ಬರಹಗಾರರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಬೆಳಗಾವಿಯ ಹೋಟೆಲೊಂದರ ಸಭಾಂಗಣದಲ್ಲಿ ಎರಡು ದಿನಗಳ ಬರಹಗಾರರ ಸಮಾವೇಶ ನಡೆಯಿತು. ಮೊದಲ ದಿನ ಕಥನ ಕಲೆಯ ತರಬೇತಿ, ಎರಡನೆಯ ದಿನ ಮುಂಬಯಿ ಮತ್ತು ಬೆಂಗಳೂರಿನಿಂದ ಬರುವ ‘ಸಾಹಿತ್ಯ ಏಜೆಂಟ’ರೊಂದಿಗೆ (ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವವರು) ಪ್ರತ್ಯೇಕ ಭೇಟಿ, ಆಯ್ಕೆಯಾದ ಕೃತಿಗಳಿಗೆ ಇಂಗ್ಲಿಷ್ ಅನುವಾದ ಮತ್ತು ವಿದೇಶಗಳಲ್ಲಿ ಪ್ರಕಟಣೆಯ ಅವಕಾಶ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಪ್ರವೇಶ ಶುಲ್ಕ 6,500 ರೂಪಾಯಿ. ಜಮಖಂಡಿಯಿಂದ ನಾನೂ ಹೋಗಿದ್ದೆ. ಇದೇ ಸಮಾವೇಶ ಈಗ ವಿಜಯಪುರದಲ್ಲಿ ನಡೆಯಲಿದೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವುದರಿಂದ ಸುಮ್ಮನಿರುವುದು ಸರಿಯಲ್ಲ ಎನಿಸಿತು. ಸಂಘಟಕರ ಹೆಸರನ್ನು ಬರೆಯುತ್ತಿಲ್ಲ. ಊರಿಗೊಂದು ಹೆಸರು ಇಟ್ಟುಕೊಂಡು ಬರುವವರನ್ನು ಹೆಸರಿಗಿಂತ ಅವರ ಕೆಲಸದ ರೀತಿಯಿಂದ ಗುರುತಿಸುವುದೇ ಹೆಚ್ಚು ಉಪಯುಕ್ತ.

ಈ ವ್ಯವಹಾರಕ್ಕೆ ಇಂದು ಕಳೆ ಬಂದಿರುವುದಕ್ಕೆ ಕಾರಣವಿದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದ ಮೇಲೆ, ಏಜೆಂಟ್ ಎಂಬ ಪದವನ್ನು ವಿಮೆ ಮತ್ತು ನಿವೇಶನಗಳ ಸಂದರ್ಭದಲ್ಲಿ ಮಾತ್ರ ಕೇಳಿದ್ದ ನಮ್ಮ ಭಾಗದ ಬರಹಗಾರರಲ್ಲಿ ಹೊಸ ಆಸೆ ಮೂಡಿದ್ದು ಸಹಜವೇ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪ್ರಶಸ್ತಿಗೆ ಅರ್ಹವಾಗಬೇಕಾದರೆ ಕೃತಿಯ ಇಂಗ್ಲಿಷ್ ಅನುವಾದವನ್ನು ಬ್ರಿಟನ್ ಅಥವಾ ಐರ್ಲೆಂಡಿನ ಪ್ರಕಾಶಕರು ಪ್ರಕಟಿಸಿರಬೇಕು ಎಂಬ ಮೂಲ ನಿಯಮವನ್ನೂ ಹೇಳದೆ, ‘ಮುಂದಿನ ಬುಕರ್ ಉತ್ತರ ಕರ್ನಾಟಕಕ್ಕೆ’ ಎಂದು ವೇದಿಕೆಯ ಹಿಂದಿನ ಪರದೆಯ ಮೇಲೆ ಬರೆಸಿದ್ದವರ ಉದ್ದೇಶ ಬೇರೆಯೇ ಆಗಿತ್ತು.

ಮೊದಲ ದಿನದ ತರಬೇತಿಯ ಬಗ್ಗೆ ಹೆಚ್ಚು ಬರೆಯುವುದಕ್ಕೇನೂ ಇಲ್ಲ. ಸಭಾಂಗಣದಲ್ಲಿ ಸುಮಾರು ಎಂಬತ್ತು ಮಂದಿ ಇದ್ದೆವು. ಉದ್ಘಾಟನೆ, ದೀಪ ಬೆಳಗುವುದು, ಶಾಲು, ಸ್ಮರಣಿಕೆ, ಸನ್ಮಾನಿತರ ಭಾಷಣಗಳು ಮುಗಿಯುವಾಗ ಮಧ್ಯಾಹ್ನವಾಗಿತ್ತು. ಊಟ ಮಾತ್ರ ಚೆನ್ನಾಗಿತ್ತು ಎಂದು ನ್ಯಾಯಕ್ಕಾಗಿ ಹೇಳಲೇಬೇಕು. ಅನಂತರ ನಡೆದ ಗೋಷ್ಠಿಗಳಲ್ಲಿ ಪಾತ್ರ, ಸಂಭಾಷಣೆ, ಕಥೆಯ ಆರಂಭ ಎಂಬ ವಿಷಯಗಳ ಮೇಲೆ ತೆರೆಯ ಮೇಲಿನ ಚಿತ್ರಗಳನ್ನು ಓದಿ ಹೇಳಿದರೇ ಹೊರತು, ಯಾರೊಬ್ಬರ ಬರಹದ ಒಂದು ಪುಟವನ್ನಾದರೂ ಎತ್ತಿಕೊಂಡು ಇಲ್ಲಿ ವಾಕ್ಯ ಸಡಿಲವಾಗಿದೆ, ಇಲ್ಲಿ ಕಥೆ ನಿಂತುಹೋಗಿದೆ ಎಂದು ತೋರಿಸಲಿಲ್ಲ. ಸಾಹಿತ್ಯ ಅಕಾಡೆಮಿಯಂಥ ಸಂಸ್ಥೆಗಳು ನಡೆಸುವ ಕಮ್ಮಟಗಳಲ್ಲಿ ಕುಳಿತವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಶಿಬಿರಾರ್ಥಿಗಳು ತಮ್ಮ ಕಥೆಗಳನ್ನು ಓದುವುದು, ಹಿರಿಯರು ಮತ್ತು ಓರಗೆಯವರು ಮುಲಾಜಿಲ್ಲದೆ ಚರ್ಚಿಸುವುದು ಅಲ್ಲಿನ ಪದ್ಧತಿ. ಎಂಬತ್ತು ಮಂದಿಯನ್ನು ಒಂದೇ ಸಭಾಂಗಣದಲ್ಲಿ ಕೂರಿಸಿಕೊಂಡು ಅದನ್ನು ಮಾಡಲು ಸಾಧ್ಯವೇ ಇಲ್ಲ.

ಎರಡನೆಯ ದಿನ ಏಜೆಂಟರ ಮುಂದೆ ತಮ್ಮ ಕೃತಿಯನ್ನು ಪರಿಚಯಿಸುವ ‘ಪಿಚಿಂಗ್’ ಸುತ್ತೇ ಇಡೀ ಸಮಾವೇಶದ ತಿರುಳು. ಕಾದಂಬರಿಯ ಸಾರಾಂಶ ಮತ್ತು ಮೊದಲ ಮೂರು ಅಧ್ಯಾಯಗಳನ್ನು ಮುಂಚಿತವಾಗಿ ಕಳಿಸಬೇಕೆಂದು ತಿಳಿಸಿದ್ದರಿಂದ, ರಬಕವಿ-ಬನಹಟ್ಟಿಯ ನೇಕಾರ ಮನೆತನವೊಂದನ್ನು ಕುರಿತ ನನ್ನ ಕಾದಂಬರಿಯ ಭಾಗವನ್ನು ಕಳಿಸಿದ್ದೆ. ಪ್ರತಿಯೊಬ್ಬರಿಗೂ ಹತ್ತು ನಿಮಿಷ. ನನ್ನ ಎದುರು ಕುಳಿತಿದ್ದ ಮಹನೀಯರು ಬಹಳ ವಿನಯದಿಂದ, “ಮೇಡಂ, ನಿಮ್ಮ ಕಾದಂಬರಿಯ ಕೊನೆ ಓದಿ ಕಣ್ಣು ತೇವವಾಯಿತು. ನೇಕಾರ ಹೆಣ್ಣುಮಗಳ ಆ ಹೋರಾಟವನ್ನು ವಿದೇಶದ ಓದುಗರು ಬಹಳ ಇಷ್ಟಪಡುತ್ತಾರೆ” ಎಂದರು. ನಾನು ಕಳಿಸಿದ್ದ ಮೂರು ಅಧ್ಯಾಯಗಳಲ್ಲಿ ಕೊನೆ ಇರಲಿಲ್ಲ. ಸಾರಾಂಶದಲ್ಲಿಯೂ ಅದನ್ನು ಬಿಡಿಸಿ ಬರೆದಿರಲಿಲ್ಲ. ಕಾದಂಬರಿಯ ಕೇಂದ್ರದಲ್ಲಿರುವವನು ಒಬ್ಬ ಮುದುಕ. ಮಗ್ಗದ ಬಗ್ಗೆ ಒಂದು ಪ್ರಶ್ನೆ ಕೇಳಿದಾಗ ಅವರು ಮಾತು ತಿರುಗಿಸಿ, ‘ಅಂತರರಾಷ್ಟ್ರೀಯ ಪ್ರಾತಿನಿಧ್ಯ’ ಎಂಬ ಶೀರ್ಷಿಕೆಯ ದರಪಟ್ಟಿಯನ್ನು ಮುಂದಿಟ್ಟರು. ಹೊರಗೆ ಸಾಲಿನಲ್ಲಿದ್ದ ಗೋಕಾಕ ಕಡೆಯ ನಿವೃತ್ತ ಶಿಕ್ಷಕರೊಬ್ಬರಿಗೂ ಇದೇ ಅನುಭವವಾಗಿತ್ತು. “ತಂಗಿ, ಒಂದು ಪಾನ ಸೈತ ತಿರುವಿ ನೋಡಿಲ್ಲ, ಛಲೋ ಐತಿ ಅಂತ ಹೆಂಗ ಅಂದ್ರವಾ ಅವರು?” ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ನಾನು ವಿಚಾರಿಸಿದವರಲ್ಲಿ ಆಯ್ಕೆಯಾಗದವರು ಒಬ್ಬರೂ ಇರಲಿಲ್ಲ.

ಏಜೆಂಟ್ ಎಂದರೆ ಯಾರು, ಅವರ ಆದಾಯ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಇಂಗ್ಲಿಷ್ ಪ್ರಕಾಶನ ಜಗತ್ತಿನಲ್ಲಿ ಏಜೆಂಟರು ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸಿ, ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ 15ರಷ್ಟನ್ನು, ಅನುವಾದ ಅಥವಾ ವಿದೇಶಿ ಹಕ್ಕುಗಳಾದರೆ ಶೇ 20ರಷ್ಟನ್ನು ತಮ್ಮ ಪಾಲಾಗಿ ಪಡೆಯುತ್ತಾರೆ. ಪುಸ್ತಕದ ಹಕ್ಕು ಮಾರಾಟವಾಗದಿದ್ದರೆ ಅವರಿಗೆ ಏನೂ ಸಿಗುವುದಿಲ್ಲ. ಈ ಕಾರಣಕ್ಕೇ ಅವರು ಬಂದ ಹಸ್ತಪ್ರತಿಗಳಲ್ಲಿ ಬಹುಪಾಲನ್ನು ತಿರಸ್ಕರಿಸುತ್ತಾರೆ. ಓದುವುದಕ್ಕಾಗಿ ಶುಲ್ಕ ಪಡೆಯಬಾರದೆಂದು ಅಮೆರಿಕದ ಸಾಹಿತ್ಯ ಏಜೆಂಟರ ಸಂಘದ ನೀತಿಸಂಹಿತೆಯೇ ಹೇಳುತ್ತದೆ. ಈಗ ಇದೇ ಲೆಕ್ಕವನ್ನು ಕನ್ನಡಕ್ಕೆ ಅನ್ವಯಿಸಿ ನೋಡಿ. ಹೊಸ ಲೇಖಕರ ಕಾದಂಬರಿಯೊಂದು 1,000 ಪ್ರತಿ ಅಚ್ಚಾಗಿ, 200 ರೂಪಾಯಿ ಬೆಲೆಯಿದ್ದು, ಒಂದೂ ಉಳಿಯದೆ ಮಾರಾಟವಾಯಿತೆಂದು ಭಾವಿಸಿದರೂ ಶೇ 10ರ ಗೌರವಧನ 20,000 ರೂಪಾಯಿ ಆಗುತ್ತದೆ. ಅದರಲ್ಲಿ ಶೇ 15 ಎಂದರೆ 3,000 ರೂಪಾಯಿ. ಮುಂಬಯಿಯಿಂದ ಬೆಳಗಾವಿಗೆ ಬಂದು, ಹೋಟೆಲಿನಲ್ಲಿ ಉಳಿದು ಹೋಗುವ ಖರ್ಚಿಗೂ ಅದು ಸಾಲದು. ಕನ್ನಡದ ಬರಹಗಾರರು ಮೊದಲಿನಿಂದಲೂ ಪ್ರಕಾಶಕರನ್ನು ನೇರವಾಗಿಯೇ ಕಂಡು ಪುಸ್ತಕ ತರುತ್ತಿರುವುದಕ್ಕೆ ಇದೇ ಕಾರಣ. ಹಾಗಾದರೆ ಆ ಸಮಾವೇಶಕ್ಕೆ ಬಂದಿದ್ದವರ ಆದಾಯ ಯಾವುದು? ಎಂಬತ್ತು ಮಂದಿಯ ಪ್ರವೇಶ ಶುಲ್ಕವೇ 5,20,000 ರೂಪಾಯಿ, ಅದರ ಮೇಲೆ ದರಪಟ್ಟಿ.

ಆ ದರಪಟ್ಟಿಯಲ್ಲಿ ಹಸ್ತಪ್ರತಿಯ ಮೌಲ್ಯಮಾಪನಕ್ಕೆ 8,000, ಮೊದಲ ಐವತ್ತು ಪುಟಗಳ ಇಂಗ್ಲಿಷ್ ಅನುವಾದಕ್ಕೆ 40,000, ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ಗೆ 3,500, ಕೃತಿಸ್ವಾಮ್ಯ ನೋಂದಣಿಗೆ 7,500, ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಪ್ರದರ್ಶನಕ್ಕೆ 25,000, ಒಟ್ಟು 84,000 ರೂಪಾಯಿ ಎಂದಿತ್ತು. ಇವುಗಳಲ್ಲಿ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯು ಉಚಿತವಾಗಿ ನೀಡುತ್ತದೆ. ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಕೃತಿಸ್ವಾಮ್ಯವಂತೂ ಬರೆದ ಕ್ಷಣದಿಂದಲೇ ಬರೆದವರದು. ನೋಂದಣಿ ಕಡ್ಡಾಯವಲ್ಲ; ದಾಖಲೆಗಾಗಿ ಮಾಡಿಸಬೇಕೆಂದರೂ ಸಾಹಿತ್ಯ ಕೃತಿಯೊಂದಕ್ಕೆ ಸರ್ಕಾರಿ ಶುಲ್ಕ 500 ರೂಪಾಯಿ ಮಾತ್ರ. ಇನ್ನು ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ಫ್ರಾಂಕ್‌ಫರ್ಟ್ ಮೇಳದಲ್ಲಿ ಪ್ರಕಾಶಕರು ಮತ್ತು ಏಜೆಂಟರು ಮೊದಲೇ ಗೊತ್ತುಪಡಿಸಿಕೊಂಡ ಭೇಟಿಗಳಲ್ಲಿ ಹಕ್ಕುಗಳ ಮಾತುಕತೆ ನಡೆಸುತ್ತಾರೆ. ಯಾವುದೋ ಮಳಿಗೆಯ ಮೇಜಿನ ಮೇಲೆ ಇಟ್ಟಿರುವ ಕನ್ನಡ ಪುಸ್ತಕವನ್ನು ಕಂಡು ಅದರ ಹಕ್ಕು ಕೊಳ್ಳಲು ಯಾರಾದರೂ ಮುಂದೆ ಬರುವರೆಂದು ನಂಬುವುದು ಕಷ್ಟ. ಇಟ್ಟದ್ದರ ಛಾಯಾಚಿತ್ರ ಮಾತ್ರ ಖಚಿತವಾಗಿ ಬರುತ್ತದೆ.

ಹಣಕ್ಕಿಂತ ದೊಡ್ಡ ಅಪಾಯ ಒಪ್ಪಂದದಲ್ಲಿತ್ತು. ಅದನ್ನು ಮನೆಗೆ ಒಯ್ದು ಓದಲು ಕೊಡುವುದಿಲ್ಲ, ಇಂದೇ ಸಹಿ ಹಾಕಿದವರಿಗೆ ಶೇ 20 ರಿಯಾಯಿತಿ ಎಂದರು. ಓದುವ ನೆಪದಲ್ಲಿ ಪುಟಗಳ ಫೋಟೊ ತೆಗೆದುಕೊಂಡು, ಸಹಿ ಹಾಕದೆ ಬಂದು, ಪರಿಚಯದ ವಕೀಲರಿಗೆ ತೋರಿಸಿದೆ. ‘ಕೃತಿಯ ಎಲ್ಲ ಹಕ್ಕುಗಳನ್ನು, ಎಲ್ಲ ಭಾಷೆಗಳಲ್ಲಿ ಮತ್ತು ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ’ ವರ್ಗಾಯಿಸುವುದಾಗಿ ಅದರಲ್ಲಿ ಬರೆದಿತ್ತು. ಪೂರ್ಣ ಅವಧಿ ಎಂದರೆ ನಮ್ಮ ಕಾನೂನಿನ ಪ್ರಕಾರ ಲೇಖಕರ ಜೀವಿತಕಾಲ ಮತ್ತು ಅನಂತರದ 60 ವರ್ಷ. ಅಂದರೆ ನನ್ನ ಕಾದಂಬರಿಯನ್ನು ನಾಳೆ ಯಾರಾದರೂ ನಾಟಕವಾಗಿಸಲು, ಮರಾಠಿಗೆ ಅನುವಾದಿಸಲು ಬಯಸಿದರೆ ಅನುಮತಿ ಕೊಡುವ ಅಧಿಕಾರ ನನಗಾಗಲಿ ನನ್ನ ಮಕ್ಕಳಿಗಾಗಲಿ ಇರುತ್ತಿರಲಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಲೇಖಕರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದೆ. ಕಲಂ 19ರ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಅದಕ್ಕೆ ಲೇಖಕರ ಸಹಿ ಇರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಕಲಂ 19(4)ರ ಪ್ರಕಾರ, ಪಡೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ವರ್ಗಾವಣೆ ರದ್ದಾದಂತೆಯೇ. ಆದರೆ ಒಪ್ಪಂದದಲ್ಲಿ ಬೇರೆ ರೀತಿ ಬರೆದಿದ್ದರೆ ಈ ರಕ್ಷಣೆಗಳು ನೆರವಿಗೆ ಬರುವುದಿಲ್ಲ. ಆ ಒಪ್ಪಂದ ಸಿದ್ಧಪಡಿಸಿದವರಿಗೆ ಇದು ಚೆನ್ನಾಗಿ ತಿಳಿದಿತ್ತು. ಅವಧಿ, ಪ್ರದೇಶ ಎರಡನ್ನೂ ಸ್ಪಷ್ಟವಾಗಿ ನಮೂದಿಸಿದ್ದಲ್ಲದೆ, ‘ಕಲಂ 19(4) ಈ ಒಪ್ಪಂದಕ್ಕೆ ಅನ್ವಯಿಸುವುದಿಲ್ಲ’ ಎಂಬ ಸಾಲನ್ನು ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಸೇರಿಸಿದ್ದರು. ಪುಸ್ತಕವನ್ನು ಎಂದಿಗೂ ಪ್ರಕಟಿಸದೆ ಹಕ್ಕನ್ನು ಮಾತ್ರ ಇಟ್ಟುಕೊಳ್ಳಲು ಅಷ್ಟು ಸಾಕು. ಪ್ರಕಟಿಸಬೇಕೆಂಬ ಹೊಣೆ ಅವರ ಮೇಲೆ ಒಪ್ಪಂದದ ಯಾವ ಪುಟದಲ್ಲಿಯೂ ಇರಲಿಲ್ಲ.

ಹಣ ಕಟ್ಟಿದವರ ಗತಿ ಏನಾಯಿತೆಂಬುದು ಕೆಲವು ತಿಂಗಳ ಬಳಿಕ ತಿಳಿಯಿತು. ಗೋಕಾಕ ಕಡೆಯ ಗುರುಗಳು ನಿವೃತ್ತಿಯ ಹಣದಲ್ಲಿ ಅನುವಾದ ಮತ್ತು ಮೌಲ್ಯಮಾಪನಕ್ಕೆ ಹಣ ತುಂಬಿದ್ದರು. ಅವರಿಗೆ ಬಂದ ಅನುವಾದವನ್ನು ನಾನು ಓದಿ ನೋಡಿದ್ದೇನೆ. ಯಂತ್ರದಿಂದ ಮಾಡಿಸಿ, ಒಮ್ಮೆಯೂ ತಿದ್ದದೆ ಕಳಿಸಿದ್ದು ಮೊದಲ ಪುಟದಲ್ಲಿಯೇ ಕಾಣುತ್ತಿತ್ತು. ಮೌಲ್ಯಮಾಪನ ವರದಿಯು ಒಂದೂವರೆ ಪುಟದ್ದು. ಪಾತ್ರಗಳ ಹೆಸರನ್ನು ಬದಲಾಯಿಸಿದರೆ ಅದನ್ನು ಯಾವ ಕಾದಂಬರಿಗಾದರೂ ಬಳಸಬಹುದಿತ್ತು. ಹಣ ಮರಳಿಸಲು ಕೇಳಿದಾಗ, ಸೇವೆ ಈಗಾಗಲೇ ಪೂರ್ಣಗೊಂಡಿದೆ ಎಂಬ ಉತ್ತರ ಬಂತು. ಹಣ ಹೋಗಿದ್ದು ಸಂಸ್ಥೆಯ ಖಾತೆಗಲ್ಲ, ವ್ಯಕ್ತಿಯೊಬ್ಬರ ಫೋನ್ ಸಂಖ್ಯೆಗೆ ಯುಪಿಐ ಮೂಲಕ. ರಸೀದಿ ಕೇಳಿದವರಿಗೆ ಸಿಕ್ಕಿದ್ದು ‘ಧನ್ಯವಾದಗಳು’ ಎಂಬ ಸಂದೇಶ.

ಇಂಥ ಆಹ್ವಾನ ಬಂದರೆ ಮೊದಲು ಕೇಳಬೇಕಾದದ್ದು, ಬರುವ ಏಜೆಂಟರು ಈವರೆಗೆ ಯಾವ ಪುಸ್ತಕಗಳನ್ನು ಯಾವ ಪ್ರಕಾಶಕರಿಗೆ ಕೊಡಿಸಿದ್ದಾರೆ ಎಂಬುದು. ನಿಜವಾದ ಏಜೆಂಟರು ಅದನ್ನು ಮುಚ್ಚಿಡುವುದಿಲ್ಲ, ಅದೇ ಅವರ ಬಂಡವಾಳ. ಪುಸ್ತಕದ ಹೆಸರು ಹೇಳಿದರೆ ಅದರ ಲೇಖಕರನ್ನೇ ವಿಚಾರಿಸಿ. ಭಾರತದಲ್ಲಿ ಕೆಲಸ ಮಾಡುತ್ತಿರುವ ನೈಜ ಏಜೆಂಟರು ಬಹುತೇಕ ಇಂಗ್ಲಿಷ್ ಹಸ್ತಪ್ರತಿಗಳನ್ನು ಅಥವಾ ಇಂಗ್ಲಿಷ್ ಅನುವಾದಗಳನ್ನು ನೋಡುವವರು. ಸಾರಾಂಶ ಮತ್ತು ಕೆಲವು ಅಧ್ಯಾಯಗಳನ್ನು ಇಮೇಲಿನಲ್ಲಿ ಕಳಿಸಿದರೆ ಸಾಕು, ಅದಕ್ಕೆ ಹಣ ಬೇಕಿಲ್ಲ. ಕನ್ನಡದಲ್ಲಿ ಮೊದಲ ಪುಸ್ತಕ ತರುವವರಿಗಂತೂ ಏಜೆಂಟರ ಅಗತ್ಯವೇ ಇಲ್ಲ. ಪತ್ರಿಕೆಗಳಲ್ಲಿ ಕಥೆ ಪ್ರಕಟವಾಗುವುದು, ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥ ಸ್ಪರ್ಧೆಗಳಲ್ಲಿ ಹೆಸರು ಬರುವುದು, ಅದನ್ನು ಕಂಡ ಪ್ರಕಾಶಕರು ಹಸ್ತಪ್ರತಿ ಕೇಳುವುದು ಇಂದಿಗೂ ನಡೆಯುತ್ತಿರುವ ದಾರಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ. ತಡವಾಗುತ್ತದೆ ಎಂಬುದು ನಿಜ, ತಿರಸ್ಕಾರವೂ ಬರುತ್ತದೆ. ಆದರೆ ತಿರಸ್ಕರಿಸುವವರು ಕನಿಷ್ಠಪಕ್ಷ ಓದಿರುವ ಸಾಧ್ಯತೆ ಇರುತ್ತದೆ.

ಈಗಾಗಲೇ ಹಣ ಕಟ್ಟಿದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸಂಘಟಕರ ಊರಿಗೆ ಅಲೆಯಬೇಕಿಲ್ಲ, ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷಗಳ ಕಾಲಮಿತಿ ಮಾತ್ರ ಇದೆ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷವೂ ಅದೇ ಆಗಿರುವುದರಿಂದ ಬರೆಯುವವರಿಗೆ ನೆನಪಿಟ್ಟುಕೊಳ್ಳುವುದು ಕಷ್ಟವಾಗಲಾರದು. ಕರಪತ್ರ, ದರಪಟ್ಟಿ, ಯುಪಿಐ ವಿವರ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಒಪ್ಪಂದಕ್ಕೆ ಸಹಿ ಹಾಕಿರುವವರು ಅದರ ಪ್ರತಿಯನ್ನು ಲಿಖಿತವಾಗಿ ಕೇಳಿ, ಆ ಪತ್ರ ತಲುಪಿದ್ದಕ್ಕೆ ಅಂಚೆಯ ಸ್ವೀಕೃತಿ ಪಡೆದುಕೊಳ್ಳಿ. ಎಲ್ಲರ ಒಪ್ಪಂದಗಳೂ ಒಂದೇ ತೆರನಾಗಿ ಇರಲಿಲ್ಲ. ನಾನು ನೋಡಿದ ಹಳೆಯ ನಮೂನೆಯೊಂದರಲ್ಲಿ ಕಲಂ 19(4)ರ ಆ ಸಾಲು ಇಲ್ಲ. ಅಂಥ ಪ್ರತಿಗೆ ಸಹಿ ಹಾಕಿದವರು, ಒಂದು ವರ್ಷ ಕಳೆದರೂ ಕೃತಿ ಪ್ರಕಟವಾಗಿರದಿದ್ದರೆ, ಹಕ್ಕು ತಮಗೇ ಮರಳಿದೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಂಡು ಹಸ್ತಪ್ರತಿಯನ್ನು ಬೇರೆ ಪ್ರಕಾಶಕರಿಗೆ ಕಳಿಸಬಹುದು.