ಧಾಟಿ ಹುಡುಕುವ ಪುಸ್ತಕ: ಎರಡು ವರ್ಷ ಬಳಸಿದ ಮೇಲೆ

ಮೊಬೈಲಿಗೆ ಗುನುಗಿದರೆ ಸಿನಿಮಾ ಹಾಡೇನೋ ಸಿಗುತ್ತದೆ. ನಮ್ಮ ದಾವಣಗೆರೆ ಕಡೆ ಭಜನೆಯಲ್ಲಿ ಹಾಡುವ ತತ್ವಪದದ ಧಾಟಿ ಸಿಗಬೇಕಲ್ಲ! ಅದಕ್ಕೇ ಗುನುಗಿದ ಧಾಟಿ ಯಾವುದೆಂದು ಹುಡುಕುವ ಈ ಸೂಚಿಯನ್ನು ನಾನೇ ಮಾಡಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೆ.

ಉಪಾಯ ಡೆನಿಸ್ ಪಾರ್ಸನ್ಸ್ ಅವರದು, 1975ರಲ್ಲಿ ಅವರು ತಂದ ಧಾಟಿಗಳ ಕೋಶದ್ದು. ಸ್ವರ ಯಾವುದೆಂದು ತಿಳಿದಿರಬೇಕಿಲ್ಲ. ಹಿಂದಿನ ಸ್ವರಕ್ಕಿಂತ ಏರಿತೋ, ಇಳಿಯಿತೋ, ಅಲ್ಲೇ ನಿಂತಿತೋ, ಅಷ್ಟೇ ಸಾಕು. 1948ರ ಬಾರ್ಲೋ ಮತ್ತು ಮಾರ್ಗೆನ್‌ಸ್ಟರ್ನ್ ಕೋಶದಲ್ಲಾದರೆ ಎಲ್ಲವನ್ನೂ 'ಸಿ' ಎಂಬ ಒಂದೇ ಶ್ರುತಿಗೆ ತಂದು ಸ್ವರದ ಹೆಸರಲ್ಲೇ ಹುಡುಕಬೇಕು. ತಾಳ ಹಿಡಿದು ಕೂತ ನಮ್ಮ ಅಜ್ಜಂದಿರ ಹತ್ತಿರ ಅದು ನಡೆಯುವ ಮಾತಲ್ಲ.

ನಾನು ಇಟ್ಟುಕೊಂಡಿದ್ದು ಮೂರಕ್ಷರ: ಅದೇ ಸ್ವರ ಬಂದರೆ ಅ, ಇಳಿದರೆ ಇ, ಏರಿದರೆ ಏ. ವರ್ಣಮಾಲೆಯ ಸಾಲಿಗೇ ಕೂರುತ್ತವೆ, ಕಂಪ್ಯೂಟರಿನಲ್ಲಿ ಸಾರ್ಟ್ ಒತ್ತಿದರೆ ಮುಗಿಯಿತು. ಮಲಹರಿ ರಾಗದ 'ಶ್ರೀ ಗಣನಾಥ' ಸಂಗೀತ ಪಾಠಕ್ಕೆ ಹೋದವರಿಗೆಲ್ಲ ಗೊತ್ತು: ಮಪ ದಸಸರಿ ರಿಸ ದಪಮಪ, ಸ ಮತ್ತು ರಿ ಮೇಲಿನ ಸ್ಥಾಯಿಯವು. ಮೊದಲ ಸ್ವರ ಲೆಕ್ಕಕ್ಕಿಲ್ಲ. ಉಳಿದದ್ದು ಏಏಏಅಏಅಇಇಇಇಏ. ಪುಸ್ತಕದಲ್ಲಿ ಒಂದೊಂದು ಧಾಟಿಗೂ ಮೊದಲ ಏಳಕ್ಷರ. ಅಷ್ಟಕ್ಕೇ 2187 ನಮೂನೆ ಆಗುತ್ತವೆ, ಒಂದು ಭಜನಾ ಮಂಡಳಿಗೆ ಧಾರಾಳವಾಯಿತು.

ಬಳಸುವ ಹೊತ್ತೇ ಚಂದ. ಅಜ್ಜ ಕಣ್ಣು ಮುಚ್ಚಿ ಗುನುಗುತ್ತಾರೆ, ನಾನು ಮಂಡಕ್ಕಿ ಕಟ್ಟಿ ತಂದ ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಏ, ಏ, ಇ ಎಂದು ಗೀಚುತ್ತೇನೆ. "ಸಿಕ್ತೇನೋ ತಮ್ಮಾ?" "ತಡೀರಿ ಅಜ್ಜಾ, ಏ ಪುಟದಾಗೆ ಇದೀನಿ." ಗಂಟಲಿನ ಜಾರು, ಎಳೆತ ಬರೆಯುವುದಿಲ್ಲ. ಹಾರ್ಮೋನಿಯಂನಲ್ಲಿ ಯಾವ ಕೀ ಒತ್ತುತ್ತೇನೋ ಅದೊಂದೇ ಲೆಕ್ಕ. ಈಗ ಏ ಭಾಗದ ಪುಟಗಳಿಗೆಲ್ಲ ಮಿರ್ಚಿ ಎಣ್ಣೆಯ ಬೆರಳಚ್ಚು.

ಆದರೆ ಆ ಅ ಇದೆಯಲ್ಲ, ಅದು ನನ್ನ ತಲೆ ತಿಂದುಬಿಟ್ಟಿತು. ನಮ್ಮಲ್ಲಿ ಒಂದೇ ಧಾಟಿಗೆ ಹತ್ತಾರು ಪದ ಹಾಡುತ್ತಾರೆ. ಒಂದರಲ್ಲಿ 'ಶ್ರೀ' ಎಂದು ಎಳೆಯುವ ಜಾಗದಲ್ಲಿ ಇನ್ನೊಂದರಲ್ಲಿ 'ಗುರುವೆ' ಎಂದು ಅದೇ ಸ್ವರಕ್ಕೆ ಮೂರು ಸಲ ಒತ್ತಬೇಕು. ಎರಡು ಅ ಹೆಚ್ಚಾದವು, ಧಾಟಿ ಎಲ್ಲೋ ಹೋಗಿ ಕೂತಿತು. ಕಣ್ಣೆದುರೇ ಇರುವುದು ಸಿಗದಿದ್ದರೆ ಸಿಟ್ಟು ಬರದೆ ಇರುತ್ತದೆಯೇ? ಪಾರ್ಸನ್ಸ್ ಕೋಶದಲ್ಲಿ ಹೆಚ್ಚಿನವು ಬರೆದಿಟ್ಟ ಸಂಗೀತ, ಅಲ್ಲಿ ಇದು ಇಷ್ಟು ಕಾಡಲಿಕ್ಕಿಲ್ಲ. ಬಾಯಿಂದ ಬಾಯಿಗೆ ಬಂದ ಪದಕ್ಕೆ ಕಾಡುತ್ತದೆ.

ಈ ವರ್ಷದ ಪ್ರಿಂಟಿನಲ್ಲಿ ಅ ಪೂರ್ತಿ ತೆಗೆದೆ. ಈಗ 'ಶ್ರೀ ಗಣನಾಥ' ನಾಲ್ಕು ಏ, ನಾಲ್ಕು ಇ, ಒಂದು ಏ. ಎರಡೇ ಅಕ್ಷರ ಉಳಿದದ್ದರಿಂದ ಏಳರ ಬದಲು ಹತ್ತರವರೆಗೆ ಬರೆಯಬೇಕು, ಆಗ 1024 ನಮೂನೆ. ಹುಡುಕುವುದು ತುಸು ನಿಧಾನ, ಆದರೆ ಸಿಗುತ್ತದೆ. ಬೇರೆ ಬೇರೆ ಅಂದುಕೊಂಡು ಹಾಡುತ್ತಿದ್ದ ಪದಗಳು ಒಂದೇ ಸಾಲಿನಲ್ಲಿ ಬಂದು ಕೂತದ್ದು ನೋಡಿ ಅಜ್ಜಂದಿರೇ ಜಗಳಕ್ಕೆ ನಿಂತರು!

ಮಾಡಿಸುವವರಿಗೆ ಎರಡು ಮಾತು. ಫೈಲನ್ನು ಪಿಡಿಎಫ್ ಮಾಡಿಯೇ ಒಯ್ಯಿರಿ, ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತವೆ. ಸ್ಪೈರಲ್ ಬೈಂಡಿಂಗ್ ಬೇಡ, ಹೊಸ ಧಾಟಿ ಸಿಕ್ಕಾಗ ನಡುವೆ ಹಾಳೆ ಸೇರಿಸಲಾಗದು. ತೂತು ಹೊಡೆದು ಹಾಕುವ ಫೈಲು ಅಗ್ಗವೂ ಹೌದು. ಗುನುಗುವವರಿಗೆ ಮಾತ್ರ ಪಲ್ಲವಿಯಿಂದಲೇ ಶುರು ಮಾಡಲು ಹೇಳಿ. ಆಲಾಪದಿಂದ ಶುರು ಮಾಡಿದವರಿಗೆ ಈ ಪುಸ್ತಕದಲ್ಲಿ ಏನೂ ಸಿಗುವುದಿಲ್ಲ.