ಒಂದೂವರೆ ವರ್ಷದಿಂದ ಮನೆಯಲ್ಲಿ ಚಿಕೋರಿ: ಅಮ್ಮನ ಹೊಟ್ಟೆಗೆ ಆದ ಉಪಯೋಗ

ಚಿಕೋರಿ ಅಂದ್ರೆ ಕಾಫಿಗೆ ಬೆರೆಸುವ ಅಗ್ಗದ ಪುಡಿ ಅಂತಲೇ ನಾನು ತಿಳಿದಿದ್ದೆ. ವಿಜಯಪುರದ ನಮ್ಮ ಮನೆಯಲ್ಲಿ ಕಾಫಿಯೇ ಅಪರೂಪ, ದಿನಕ್ಕೆ ನಾಲ್ಕು ಸಲ ಚಹಾ. ಅಮ್ಮನಿಗೆ ಮಲಬದ್ಧತೆ ಜಾಸ್ತಿಯಾದಾಗ, ಇಲ್ಲಿನ ಯುನಾನಿ ವೈದ್ಯರೊಬ್ಬರು 'ಕಾಸನಿ' ಅಂದರು. ಅದು ಇದೇ ನೀಲಿ ಹೂವಿನ ಚಿಕೋರಿ ಗಿಡ. ಯುನಾನಿಯಲ್ಲಿ ಇದರ ಬೀಜ, ಬೇರನ್ನು ಲಿವರ್ ತೊಂದರೆಗೆ ಹಿಂದಿನಿಂದಲೂ ಕೊಡುತ್ತಾರೆ. ನಾವು ತಂದದ್ದು ಹುರಿದ ಬೇರಿನ ಪುಡಿ.

ಮೊದಲ ವಾರ ನನ್ನಿಂದಲೇ ತಪ್ಪಾಯಿತು. ಬೇಗ ಗುಣ ಕಾಣಲಿ ಅಂತ ದಿನಕ್ಕೆ ಮೂರು ಚಮಚ ಹಾಕಿದೆ. ಅಮ್ಮನಿಗೆ ಹೊಟ್ಟೆ ಉಬ್ಬರ, ರಾತ್ರಿಯೆಲ್ಲ ಗುಡುಗುಡು. ಬೇರಿನಲ್ಲಿರುವ ಇನುಲಿನ್ ಎಂಬ ನಾರು ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ, ಗ್ಯಾಸ್ ಅಲ್ಲೇ ಹುಟ್ಟುತ್ತದೆ. ಅರ್ಧ ಚಮಚಕ್ಕೆ ಇಳಿಸಿ, ತಿಂಗಳ ಮೇಲೆ ಒಂದು ಚಮಚ ಮಾಡಿದೆ. ಆಮೇಲೆ ತೊಂದರೆ ಬರಲಿಲ್ಲ.

ಎರಡು ತಿಂಗಳಲ್ಲಿ ಅಮ್ಮನಿಗೆ ಬೆಳಗ್ಗೆ ಹೊಟ್ಟೆ ಸಾಫ್ ಆಗತೊಡಗಿತು. ಆದರೂ ಎಲ್ಲ ಶ್ರೇಯಸ್ಸು ಇದಕ್ಕೇ ಕೊಡಲಾರೆ. ಹೊಟ್ಟೆ ಸಾಫ್ ಆಗಲು ಸಹಾಯವಾಗುತ್ತದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಒಪ್ಪಿದ್ದು ದಿನಕ್ಕೆ 12 ಗ್ರಾಂ ಚಿಕೋರಿ ಇನುಲಿನ್. ನಮ್ಮ ಒಂದು ಚಮಚದಲ್ಲಿ ಅಷ್ಟು ಎಲ್ಲಿಂದ ಬರಬೇಕು? ಹುರಿದಾಗ ಇನುಲಿನ್ ಒಂದಿಷ್ಟು ಹಾಳೂ ಆಗುತ್ತದೆ. ಜೊತೆಗೆ ಅಮ್ಮ ನೀರು ಜಾಸ್ತಿ ಕುಡಿಯತೊಡಗಿದ್ದಾರೆ, ರೊಟ್ಟಿ ಜೊತೆ ಪುಂಡಿಪಲ್ಯ ಬಿಡುವುದಿಲ್ಲ. ಆದರೆ ನಿದ್ದೆ ಸುಧಾರಿಸಿದ್ದು ಮಾತ್ರ ನಿಜವಾಗಿ ಖುಷಿ ಕೊಟ್ಟಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಸಂಜೆ ಚಹಾದ ಜಾಗಕ್ಕೆ ಅದು ಬಂದಿದೆ ಅಲ್ವಾ.

ಅಂಗಡಿಯವರು ಶುಗರ್, ಲಿವರ್ ಎಲ್ಲ ವಾಸಿಯಾಗುತ್ತೆ ಅಂತ ಹೇಳುತ್ತಾರೆ. ಅದನ್ನು ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ಪಿತ್ತಕೋಶದಲ್ಲಿ ಕಲ್ಲಿದ್ದವರು, ಗರ್ಭಿಣಿಯರು ಕೇಳದೆ ಕುಡಿಯಬಾರದು. ಸೇವಂತಿಗೆ ಜಾತಿಯ ಗಿಡಗಳು ಮೈಗಾಗದವರೂ ಹುಷಾರು, ಇದೂ ಅದೇ ಕುಟುಂಬದ್ದು.

ಕೊಳ್ಳುವಾಗ ಲೇಬಲ್ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಪರ್ಸೆಂಟ್‌ವರೆಗೆ ಇರಬಹುದು, ಉಳಿದದ್ದು ಕಾಫಿ. ನಮಗೆ ಬೇಕಾದದ್ದು ಅದಲ್ಲ. ಮನೆಗೆ ತಂದು ಗಾಜಿನ ಲೋಟದ ತಣ್ಣೀರಿಗೆ ಒಂದು ಚಿಟಿಕೆ ಉದುರಿಸಿ ನೋಡಿ. ಚಿಕೋರಿ ಬೇಗ ಮುಳುಗುತ್ತದೆ, ಹಿಂದೆ ಕಂದು ಬಣ್ಣದ ಎಳೆ ಬಿಡುತ್ತದೆ. ಕಾಫಿ ಪುಡಿ ತೇಲುತ್ತದೆ. ಮಳೆಗಾಲದಲ್ಲಿ ಡಬ್ಬಿ ಸರಿಯಾಗಿ ಮುಚ್ಚಿಡಿ. ಹೋದ ಆಷಾಢದಲ್ಲಿ ನಮ್ಮದು ಬೆಲ್ಲದ ಹಾಗೆ ಗಡ್ಡೆಕಟ್ಟಿ, ಅರ್ಧ ಪಾಕೆಟ್ ಚೆಲ್ಲಬೇಕಾಯಿತು.